ಅಪ್ಪಣೆ ಕೇಳದ ಆರು ಮಂದಿ

ನಮ್ಮ ಊರಿನವರ ವಿನಯಕ್ಕೆ ಬೆಂಕಿ ಬೀಳಲಿ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಕಾಲು ತುಳಿದವನಿಗೇ ತಿರುಗಿ 'ಕ್ಷಮಿಸಿ' ಎನ್ನುವವರು ನಾವು. ಮಳೆ ಹೊಯ್ಯುತ್ತಿರುವಾಗ ಒಂದು ಬಾಗಿಲ ಮುಂದೆ ಇಬ್ಬರು ಸೇರಿದರೆ 'ನೀವು ಮೊದಲು', 'ಛೇ, ನೀವು ಮೊದಲು' ಎನ್ನುತ್ತ ಇಬ್ಬರೂ ತೊಯ್ದು ತೊಪ್ಪೆಯಾಗುವವರು. ಈ ಗುಣದಿಂದ ನಮ್ಮ ನೆದರ್ ಟಾಡ್ಲಿಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರಿತ್ತು. ಹೆಸರು ತೆಗೆದುಕೊಂಡು ನೆಕ್ಕಬೇಕೆ? ಆ ಗುಣದಿಂದಲೇ ನಾವು ಒಂದು ದಾರಿ ಕಳೆದುಕೊಳ್ಳುವುದರಲ್ಲಿದ್ದೆವು.

ದಾರಿ ದೊಡ್ಡದೇನಲ್ಲ. ಚರ್ಚಿನ ಹಿಂದಿನ ಗೇಟಿನಿಂದ ಹೊರಟು, ಏಮೋಸ್ ಬೆವನ್‌ನ ಮೂರು ಹೊಲ ದಾಟಿ, ಹಳ್ಳಕ್ಕೆ ಹಾಕಿದ ಹಲಗೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಓವರ್ ಟಾಡ್ಲಿ. ಇಪ್ಪತ್ತು ನಿಮಿಷ. ಆ ಕಡೆಯ ಮೊದಲ ಮನೆಯೇ ಹಿಲ್ಡಾಳದು. ಹಿಲ್ಡಾಗೆ ಎಂಬತ್ತೊಂದು ವರ್ಷ, ಕಣ್ಣು ಮುಕ್ಕಾಲು ಹೋಗಿದೆ. ಅವಳ ತಂಗಿ ಡೋರೀನ್ ನನ್ನ ಪಕ್ಕದ ಮನೆಯವಳು. ದಿನಾ ಬೆಳಿಗ್ಗೆ ಹತ್ತಕ್ಕೆ ಡೋರೀನ್ ಆ ದಾರಿ ಹಿಡಿದು ಹೋಗಿ, ಅಕ್ಕನಿಗೆ ಪತ್ರಿಕೆ ಓದಿ ಹೇಳಿ, ಸೂಪು ಬಿಸಿ ಮಾಡಿಕೊಟ್ಟು, ಇಬ್ಬರೂ ಕೂತು ಊರವರನ್ನೆಲ್ಲ ಒಂದು ಸುತ್ತು ಆಡಿಕೊಂಡು, ಹನ್ನೆರಡೂವರೆಗೆ ವಾಪಸು ಬರುತ್ತಿದ್ದಳು.

ಮುದುಕ ಬೆವನ್ ಸತ್ತ ಮೇಲೆ ಹೊಲಗಳು ಪಿಯರ್ಸ್ ಲ್ಯಾಟಿಮರ್ ಕೈಗೆ ಬಂದವು. ಲಂಡನ್ನಿನಲ್ಲಿ ಬಚ್ಚಲುಮನೆಯ ನಲ್ಲಿ ಮಾರಿ ಹಣ ಮಾಡಿದವನು. ಬಂದ ಮೊದಲ ಅಕ್ಟೋಬರಿನಲ್ಲೇ ಗೇಟಿಗೆ ಸರಪಳಿ ಸುತ್ತಿಸಿ ಬೀಗ ಜಡಿದ. ಪಕ್ಕದಲ್ಲೊಂದು ಬೋರ್ಡು: 'ಖಾಸಗಿ ಜಾಗ. ಅರ್ಥ ಮಾಡಿಕೊಂಡಿದ್ದಕ್ಕೆ ಧನ್ಯವಾದ.' ಧನ್ಯವಾದವಂತೆ! ಬೀಗಕ್ಕಿಂತ ಆ ಧನ್ಯವಾದವೇ ನನ್ನ ಹೊಟ್ಟೆ ಉರಿಸಿತು. ರಸ್ತೆಯಲ್ಲಿ ಸುತ್ತಿ ಹೋದರೆ ಮೂರೂವರೆ ಮೈಲಿ, ನಡೆಯುವವರಿಗೆ ಪಕ್ಕದಲ್ಲಿ ಜಾಗವೇ ಇಲ್ಲ, ಹಾಲಿನ ಲಾರಿಗಳು ಬೇಲಿಗೆ ಮೈ ಒರೆಸಿಕೊಂಡೇ ಹೋಗುತ್ತವೆ. ಬಸ್ಸು ಗುರುವಾರ ಮಾತ್ರ. ನನ್ನ ಕಾರು ಇದ್ದಷ್ಟು ದಿನ ಡೋರೀನಳನ್ನು ನಾನೇ ಬಿಟ್ಟು ಬರುತ್ತಿದ್ದೆ. ಜನವರಿಯಲ್ಲಿ ಅದೂ ಕಣ್ಣು ಮುಚ್ಚಿತು. ಆಮೇಲೆ ಅಕ್ಕತಂಗಿಯರಿಗೆ ಉಳಿದದ್ದು ವಾರಕ್ಕೊಂದು ಗುರುವಾರ. ಅಡಿಗೆಮನೆಯ ಕಿಟಕಿಯಿಂದ ಅಕ್ಕನ ಮನೆಯ ಹೊಗೆ ಕಾಣುತ್ತಿತ್ತು, ಹೋಗುವಂತಿರಲಿಲ್ಲ.

ಡೋರೀನಳ ಗಂಡ ನೆವಿಲ್ ಥ್ರಪ್. ಅಂಚೆ ವಿಂಗಡಿಸುವ ಕೆಲಸದಿಂದ ನಿವೃತ್ತನಾಗಿ ನಮ್ಮ ನಡಿಗೆ ಸಂಘದ ಅಧ್ಯಕ್ಷನಾದವನು. ಅಂದರೆ, ನಕ್ಷೆ ಹಿಡಿದು ಮುಂದೆ ಹೋಗಿ, ಹಿಂದೆ ಬರುವ ಹದಿನಾಲ್ಕು ಮಂದಿಯನ್ನು ಕೆಸರಿಗೆ ಇಳಿಸುವವನು. ಯಾವುದನ್ನೇ ಆಗಲಿ ಅರ್ಧ ಓದಿ, ಓದದೆ ಬಿಟ್ಟ ಇನ್ನರ್ಧದ ಮೇಲೆ ಸಿಟ್ಟಾಗುವುದು ಅವನ ಸ್ವಭಾವ. ಕೋಪ ಸದಾ ಮೂಗಿನ ತುದಿಯಲ್ಲಿ. ಬೀಗ ಕಂಡ ದಿನವೇ ಅವನು ಕೌನ್ಸಿಲ್‌ಗೆ ಒಂಬತ್ತು ಪುಟದ ಪತ್ರ ಬರೆದ. ಅದರಲ್ಲಿ ಮೂರು ಪುಟ ಬರೀ ನಲ್ಲಿಗಳ ಬಗ್ಗೆ ಇತ್ತು.

ಮಾರ್ಚ್ ಮೊದಲ ವಾರ ಕೌನ್ಸಿಲ್‌ನಿಂದ ಕಾಲುದಾರಿಗಳ ಅಧಿಕಾರಿ ಬಂದಳು. ಹೆಸರು ಗ್ವೆನ್ ಪ್ರಿಚರ್ಡ್. ಊರ ಸಭಾಭವನದಲ್ಲಿ ಎಲ್ಲರಿಗೂ ಸಾಕ್ಷಿ ಹೇಳಿಕೆಯ ಒಂದೊಂದು ನಮೂನೆ ಹಂಚಿ ಹೇಳಿದಳು:

"ಇಪ್ಪತ್ತು ವರ್ಷ ಬಿಡದೆ ಜನ ನಡೆದಿದ್ರೆ ಆ ದಾರಿ ಜನರದ್ದೇ ಆಗುತ್ತೆ. ಆದ್ರೆ ಮೂರು ವಿಷ್ಯ. ಕದ್ದು ನಡೆದಿರಬಾರದು. ಬೇಲಿ ಮುರಿದು ನಡೆದಿರಬಾರದು. ಮಾಲೀಕರ ಅಪ್ಪಣೆ ಪಡೆದು ನಡೆದಿರಬಾರದು. ಅಪ್ಪಣೆ ಪಡೆದ್ರೆ ಅದು ಉಪಕಾರ ಆಯ್ತು, ಹಕ್ಕು ಆಗಲ್ಲ. ಆರು ಜನರಾದ್ರೂ ಹಾಗೆ ನಡೆದವರು ಸಿಕ್ರೆ ಕಡತ ಮುಂದಕ್ಕೆ ಹೋಗುತ್ತೆ."

ಮೊದಲು ಎದ್ದವಳು ಚರ್ಚಿಗೆ ಹೂ ಜೋಡಿಸುವ ಮಾರ್ಜರಿ ಕ್ರಂಪ್. ಮುಖ ಕೆಂಪಾಗಿತ್ತು.

"ಅಪ್ಪಣೆ ಕೇಳದೆ ನಡೆಯೋದಾ? ನಮ್ಮನ್ನ ಏನಂತ ತಿಳ್ಕೊಂಡಿದೀರಿ ನೀವು? ಮೊದಲನೇ ವರ್ಷವೇ ನಾನು ಬೆವನ್ ಮನೆಗೆ ಹೋಗಿ ಕೇಳ್ಕೊಂಡು ಬಂದಿದೀನಿ. 'ಧಾರಾಳವಾಗಿ ಹೋಗಮ್ಮ' ಅಂದಿದ್ರು. ಆಮೇಲೆ ಒಂದು ಕೃತಜ್ಞತೆ ಪತ್ರನೂ ಬರೆದಿದೀನಿ!"

ಗ್ವೆನ್ ನಿಟ್ಟುಸಿರು ಬಿಟ್ಟು ಅವಳ ನಮೂನೆಯ ಮೇಲೆ ಗೀಟು ಎಳೆದಳು. ಮಾರ್ಜರಿಗೆ ಅದು ಬಹುಮಾನದಂತೆ ಕಂಡಿರಬೇಕು, ಹೆಮ್ಮೆಯಿಂದ ಕೂತಳು. ಅದನ್ನು ನೋಡಿ ಉಳಿದವರಿಗೂ ಹುರುಪು ಬಂತು. ಒಬ್ಬ ತಾನು ವರ್ಷಕ್ಕೆರಡು ಸಲ ಕೇಳುತ್ತಿದ್ದೆ ಎಂದ. ಇನ್ನೊಬ್ಬ ತಾನು ನಾಯಿಯ ಪರವಾಗಿ ಬೇರೆ ಕೇಳಿದ್ದೆ ಎಂದ. ನೆವಿಲ್ 'ಬಾಯಿ ಮುಚ್ರೋ, ಬಾಯಿ ಮುಚ್ರೋ' ಎಂದು ಕುರ್ಚಿಯಿಂದ ಕುರ್ಚಿಗೆ ಓಡಾಡಿದ. ಯಾರು ಕೇಳುತ್ತಾರೆ? ಸಭ್ಯತೆಯಲ್ಲಿ ಹಿಂದೆ ಬೀಳಲು ಯಾರೂ ತಯಾರಿರಲಿಲ್ಲ. ನನ್ನ ಸರದಿ ಬಂದಾಗ ನಾನೂ ಸುಳ್ಳು ಹೇಳಲಾಗದೆ, ಒಮ್ಮೆ ಬೆವನ್ ಕಡೆ ಟೋಪಿ ಎತ್ತಿ 'ಹೋಗಬಹುದಾ' ಎಂದದ್ದನ್ನೂ ಅವನು ತಲೆ ಆಡಿಸಿದ್ದನ್ನೂ ಒಪ್ಪಿಕೊಂಡೆ. ಆ ಟೋಪಿಯನ್ನು ನಾನು ಮತ್ತೆ ಹಾಕಿಲ್ಲ.

ಮೂವತ್ತೆರಡು ನಮೂನೆಗಳಲ್ಲಿ ಇಪ್ಪತ್ತೈದು ಗೀಟಿಗೆ ಹೋದವು. ಉಳಿದವುಗಳಲ್ಲಿ ಐದು, ಊರಲ್ಲಿ ಯಾರೂ ಮಾತಾಡಿಸಲು ಇಷ್ಟಪಡದ ಐದು ಜನರವು. ಅವರಲ್ಲಿ ಮುಖ್ಯನಾದವನು ಮಾಜಿ ಕಟುಕ ಸ್ಟಾನ್ ಗಡ್ಜನ್, ಸ್ವಂತ ಮದುವೆಯಲ್ಲೂ 'ಆಯ್ತು ಬಿಡಿ' ಎಂದಷ್ಟೇ ಹೇಳಿದವನು. ಆರನೆಯವನು ನೆವಿಲ್. ಇಪ್ಪತ್ತೆರಡು ವರ್ಷದ ಹಿಂದೆ ತರಕಾರಿ ಪ್ರದರ್ಶನದಲ್ಲಿ ತೀರ್ಪುಗಾರನಾಗಿದ್ದ ಬೆವನ್ ಅವನ ಕುಂಬಳಕಾಯಿಯನ್ನು 'ನೀರು ತುಂಬಿದ ಚೀಲ' ಎಂದಿದ್ದ. ಅಂದಿನಿಂದ ಥ್ರಪ್ ಮನೆಗೂ ಬೆವನ್ ಮನೆಗೂ ಮಾತು ಬಿಟ್ಟುಹೋಗಿತ್ತು. ಹೀಗೆ ಊರಿನ ಮಾನ ಉಳಿಸುವ ಹೊಣೆ ಊರಿನ ಆರು ಒರಟರ ಮೇಲೆ ಬಿತ್ತು.

ಮೂವತ್ತೆರಡನೆಯ ನಮೂನೆ ಖಾಲಿ ವಾಪಸಾಯಿತು. ಅದು ಡೋರೀನಳದು. "ನಂಗೆ ಬೇಡ" ಎಂದಷ್ಟೇ ಹೇಳಿ ಕೋಟಿನ ಗುಂಡಿ ಹಾಕಿಕೊಂಡಳು. ನಾಚಿಕೆ ಎಂದುಕೊಂಡೆವು.

ಒಂದು ವಾರದ ಮೇಲೆ ಕೌನ್ಸಿಲ್‌ನಿಂದ ನೆವಿಲ್‌ಗೆ ಪತ್ರ ಬಂತು. ಅದರಲ್ಲಿ 'ಸಾಕ್ಷಿಗಳು ಮಾಲೀಕರಿಂದ ಅಪ್ಪಣೆಯನ್ನಾಗಲಿ ಉಪಕಾರವನ್ನಾಗಲಿ ಪಡೆದಿರಬಾರದು' ಎಂದು ಮೊದಲ ಪುಟದಲ್ಲಿತ್ತು. 'ಬೀಗ ಹಾಕಿದ ದಿನದ ಹಿಂದಿನ ಇಪ್ಪತ್ತು ವರ್ಷಗಳಿಗೆ ಮಾತ್ರ ಇದು ಅನ್ವಯ' ಎಂದು ಎರಡನೆಯ ಪುಟದಲ್ಲಿತ್ತು. ನೆವಿಲ್ ಎರಡನೆಯ ಪುಟ ತಿರುಗಿಸುವವನೇ? ಮಧ್ಯಾಹ್ನದೊಳಗೆ ಬಸ್ ನಿಲ್ದಾಣದ ಗೋಡೆಗೆ ಅವನ ಆಜ್ಞೆ ಅಂಟಿತು:

'ತೀರ್ಪು ಬರುವ ತನಕ ಲ್ಯಾಟಿಮರ್‌ಗೆ ಯಾರೂ ದಯವಿಟ್ಟು, ಕ್ಷಮಿಸಿ, ಧನ್ಯವಾದ ಹೇಳಕೂಡದು. ಅವನಿಂದ ಯಾವ ಉಪಕಾರವನ್ನೂ ಪಡೆಯಕೂಡದು. ಒಂದು ಧನ್ಯವಾದದಿಂದ ದಾರಿ ಹೋದೀತು, ಎಚ್ಚರ!'

ಇಪ್ಪತ್ತೈದು ಸಭ್ಯರಿಗೆ ಪ್ರಾಯಶ್ಚಿತ್ತದ ದಾರಿ ಸಿಕ್ಕಿತು. ಆದರೆ ಅಭ್ಯಾಸ ಬೇಡವೇ? ಗಡ್ಜನ್‌ನನ್ನು ಹಿಡಿದು ತಂದು, ಪಬ್ಬಿನ ಹಿಂದಿನ ಕೋಣೆಯಲ್ಲಿ ಪಾಠ ಮಾಡಿಸಿದೆವು.

"ಮುಖ ನೋಡ್ಬೇಡ್ರಿ," ಎಂದ ಅವನು. "ಮುಖ ನೋಡಿದ್ರೆ ನಗು ಬರ್ತದೆ. ನಕ್ರೆ ಮಾತು ಬರ್ತದೆ. ಮಾತು ಬಂತೋ, ನಿಮ್ಮಂಥೋರಿಗೆ ಧನ್ಯವಾದ ಬಂದೇ ಬರ್ತದೆ. ನೆಲ ನೋಡ್ಕೊಂಡು ಗೊರ್ ಅನ್ನಿ."

"ಗೊರ್," ಎಂದಳು ಮಾರ್ಜರಿ ಕ್ರಂಪ್. "ಸರಿ ಬಂತಾ? ತುಂಬಾ ಧನ್ಯವಾದ."

"ಥೂ!" ಎಂದ ಗಡ್ಜನ್.

ಪರೀಕ್ಷೆ ಬೇಗನೆ ಬಂತು. ಅಂಗಡಿಯಿಂದ ಹೊರಬರುತ್ತಿದ್ದ ಮಾರ್ಜರಿಯ ಕೊಡೆ ಗಾಳಿಗೆ ಹಾರಿತು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಲ್ಯಾಟಿಮರ್ ಎಲ್ಲಿದ್ದನೋ, ಹಸಿರು ಬೂಟು ಹಾಕಿಕೊಂಡು ರಸ್ತೆಯುದ್ದ ಓಡಿ ಕೊಡೆ ಹಿಡಿದು ತಂದ.

"ನಿಮ್ಮ ಕೊಡೆ, ಮೇಡಂ."

ಮಾರ್ಜರಿ ನೆಲ ನೋಡಿದಳು. "ಅದು ನಂದಲ್ಲ."

"ಹಿಡಿ ಮೇಲೆ ನಿಮ್ಮ ಹೆಸರು ಬರೆದಿದೆಯಲ್ಲ?"

"ನಾನು ಅವಳಲ್ಲ," ಎಂದು, "ಗೊರ್" ಎಂದು, ಅರ್ಧ ಮೈಲಿ ಮಳೆಯಲ್ಲಿ ನೆನೆದುಕೊಂಡು ಮನೆ ಸೇರಿ ಎಂಟು ದಿನ ಹಾಸಿಗೆ ಹಿಡಿದಳು. ನೆವಿಲ್ ಅವಳನ್ನು ನೋಡಲು ಹೋಗಿ, ದಾರಿಗಾಗಿ ಜ್ವರ ಅನುಭವಿಸಿದ ಮೊದಲ ವೀರಾಂಗನೆ ನೀನು ಎಂದು ಹೊಗಳಿ, ಅವಳ ಬಿಸ್ಕತ್ತೆಲ್ಲ ತಿಂದು ಬಂದ.

ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಅಕ್ಕಪಕ್ಕದವರ ಕೈ ಕುಲುಕುವ ಹೊತ್ತಿಗೆ ಲ್ಯಾಟಿಮರ್ ಸುತ್ತ ಇದ್ದವರೆಲ್ಲ ಒಟ್ಟಿಗೆ ಶೂ ದಾರ ಕಟ್ಟಲು ಬಗ್ಗಿದರು. ಪಾದ್ರಿಗಳು ರೇಗಿ, ಮುಂದಿನ ಭಾನುವಾರ ಎಲ್ಲರೂ ದಾರವಿಲ್ಲದ ಶೂ ಹಾಕಿಕೊಂಡು ಬರತಕ್ಕದ್ದು ಎಂದರು. ಇಷ್ಟಾದರೂ ಲ್ಯಾಟಿಮರ್‌ಗೆ ಬೇಜಾರಾಯಿತೇ? ಇಲ್ಲ! ಪಬ್ಬಿನವನ ಹತ್ತಿರ ಹೇಳಿದನಂತೆ: "ಈಗ ನೋಡಿ, ನಿಜವಾದ ಹಳ್ಳಿ ಜನ! ಕೊನೆಗೂ ನನ್ನನ್ನ ತಮ್ಮವನು ಅಂತ ಒಪ್ಕೊಂಡಿದಾರೆ." ಇದನ್ನು ಕೇಳಿ ನೆವಿಲ್ ಕೈಯಲ್ಲಿದ್ದ ಬಿಯರ್ ಲೋಟ ಅದುರಿ ಅರ್ಧ ಬಿಯರ್ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಕ್ಷಮೆ ಕೇಳಲಿಲ್ಲ. ಅಭ್ಯಾಸ ಚೆನ್ನಾಗಿ ಆಗಿತ್ತು.

ಏಪ್ರಿಲ್ ಮೂರನೆಯ ಶನಿವಾರ ಗ್ವೆನ್ ಸ್ಥಳ ಪರಿಶೀಲನೆ ಇಟ್ಟಳು. ಅವತ್ತೊಂದು ದಿನ ಬೀಗ ತೆಗೆಸಿ, ಆರು ಸಾಕ್ಷಿಗಳೂ ಮಾಲೀಕನೂ ಜೊತೆಯಲ್ಲಿ ದಾರಿ ನಡೆಯಬೇಕು, ಕೊನೆಗೆ ಹೇಳಿಕೆಗೆ ಸಹಿ ಹಾಕಬೇಕು. ಡೋರೀನ್ ತಾನೂ ಬರುತ್ತೇನೆಂದು ಮಂಡಿಗೆ ಪಟ್ಟಿ ಸುತ್ತಿಕೊಂಡು ಹೊರಟಳು. ಆ ಕಡೆ ತಲುಪಿದರೆ ಅಕ್ಕನನ್ನು ನೋಡಬಹುದಲ್ಲ. ನಾನು ನೆವಿಲ್‌ನ ನಕ್ಷೆ ಹೊರಲು ಹೋದೆ.

ಮೊದಲ ಹೊಲದಲ್ಲಿ ಬಿಸಿಲು. ನೆವಿಲ್ ಕೋಟು ತೆಗೆದ, ಮಳೆ ಬಂತು. ಹಾಕಿದ, ಬಿಸಿಲು ಬಂತು. ತೆಗೆದ, ಗಾಳಿ ಬಂದು ಕೋಟನ್ನೇ ಕೇಳಿತು. ಐದನೆಯ ಸಲ ಒಂದು ತೋಳು ಹಾಕಿ ಒಂದು ತೋಳು ಬಿಟ್ಟು, "ಏನಾದ್ರೂ ಒಂದು ಮಾಡು, ದರಿದ್ರ!" ಎಂದು ಆಕಾಶಕ್ಕೆ ಬೈದ. ಆಕಾಶ ಕೇಳಿಸಿಕೊಂಡಿತು. ನಡು ಹೊಲಕ್ಕೆ ಬರುವಷ್ಟರಲ್ಲಿ ಗುಡ್ಡದ ಮೇಲಿನಿಂದ ಕಪ್ಪಗೆ ಇಳಿದು ಆಲಿಕಲ್ಲು ಸುರಿಯತೊಡಗಿತು, ಒಂದೊಂದೂ ಬಟಾಣಿ ಗಾತ್ರ.

ಪಕ್ಕದಲ್ಲೇ ಲ್ಯಾಟಿಮರ್‌ನ ಹುಲ್ಲಿನ ಕೊಟ್ಟಿಗೆ. ಅವನು ಓಡಿಹೋಗಿ ಬಾಗಿಲು ತೆರೆದು ಕೂಗಿದ: "ಬನ್ನಿ, ಎಲ್ಲರೂ ಒಳಗೆ ಬನ್ನಿ! ಫ್ಲಾಸ್ಕಿನಲ್ಲಿ ಬಿಸಿ ಟೀ ಇದೆ!"

ಗ್ವೆನ್ ಒಳಗೆ ನುಗ್ಗಿದಳು. ಉಳಿದವರು ಎರಡು ಹೆಜ್ಜೆ ಹಾಕಿದ್ದರು ಅಷ್ಟೆ.

"ನಿಲ್ಲಿ!" ಎಂದು ನೆವಿಲ್ ಎರಡೂ ಕೈ ಚಾಚಿ ಅಡ್ಡ ನಿಂತ. "ಒಬ್ರೂ ಒಳಗೆ ಕಾಲಿಡಕೂಡದು! ಇದೇ ಅವನ ಹೂಟ! ಒಳಗೆ ಹೋದ್ರೆ ಉಪಕಾರ, ಟೀ ಕುಡಿದ್ರೆ ದಾರಿ ಢಮಾರ್!"

"ಲೋ ನೆವಿಲ್, ತಲೆ ತೂತಾಗ್ತಿದೆ ಕಣೋ," ಎಂದ ಗಡ್ಜನ್.

"ಆಗ್ಲಿ! ಇಪ್ಪತ್ತು ವರ್ಷದ ಹಕ್ಕು ದೊಡ್ಡದೋ, ನಿನ್ನ ಬೋಳು ತಲೆ ದೊಡ್ಡದೋ?"

ಗ್ವೆನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೈ ಬೀಸಿ ಏನೋ ಕೂಗುತ್ತಿದ್ದಳು. ತಗಡಿನ ಸೂರಿನ ಮೇಲೆ ಆಲಿಕಲ್ಲಿನ ಸದ್ದಿಗೆ ಒಂದಕ್ಷರ ಕೇಳಿಸಲಿಲ್ಲ. "ನೋಡಿದ್ರಾ, ಎಚ್ಚರಿಸ್ತಿದಾಳೆ, ಬರಬೇಡಿ ಅಂತಿದಾಳೆ!" ಎಂದ ನೆವಿಲ್. ನಾವು ಒಂಬತ್ತು ಹೆಜ್ಜೆ ದೂರದಲ್ಲಿ ಒಣ ಹುಲ್ಲು, ಬೆಚ್ಚನೆ ಟೀ ನೋಡುತ್ತ ತಲೆಯ ಮೇಲೆ ನಕ್ಷೆ ಹಿಡಿದು ನಿಂತೆವು. ನನ್ನ ಅರವತ್ತೆಂಟು ವರ್ಷದ ಬಾಳಿನಲ್ಲಿ ಇಷ್ಟು ಜನ ಇಷ್ಟು ಸಿಟ್ಟಿನಲ್ಲಿ ಇಷ್ಟು ಸುಮ್ಮನೆ ನಿಂತದ್ದನ್ನು ನಾನು ಕಂಡಿಲ್ಲ.

ಡೋರೀನ್ ಮಂಡಿಯ ಪಟ್ಟಿ ಬಿಗಿದುಕೊಂಡಳು. ಒಮ್ಮೆ ಹಿಲ್ಡಾಳ ಮನೆಯ ಕಡೆ ನೋಡಿದಳು, ಮಂಜಿನಲ್ಲಿ ಏನೂ ಕಾಣಲಿಲ್ಲ. ಸೀದಾ ಕೊಟ್ಟಿಗೆಯ ಕಡೆ ನಡೆದಳು.

"ಡೋರೀನ್! ನಿನ್ನಕ್ಕನ ಮೇಲೆ ಪ್ರೀತಿ ಇದ್ರೆ ನಿಲ್ಲು!"

"ನಿಲ್ಲಲ್ಲ," ಎಂದಳು ಡೋರೀನ್, ಒಳಗೆ ಹೋದಳು.

ಗ್ವೆನ್ ತಡೆಯಲಾರದೆ ಹೊರಗೆ ಓಡಿಬಂದು ನೆವಿಲ್‌ನ ಕಿವಿಗೇ ಕೂಗಿದಳು: "ಹಿಂದಿನದು ಮಾತ್ರ ಲೆಕ್ಕಕ್ಕೆ ರೀ, ಬೀಗ ಹಾಕೋಕೆ ಮುಂಚಿನದು! ಈಗ ಟೀ ಕುಡೀರಿ, ಅವರ ಮನೇಲಿ ಊಟನೇ ಮಾಡ್ರಿ, ಏನೂ ಆಗಲ್ಲ! ಪತ್ರದಲ್ಲಿ ಬರೆದಿದ್ನಲ್ಲ!"

ಗಡ್ಜನ್ ನಿಧಾನವಾಗಿ ನೆವಿಲ್ ಕಡೆ ತಿರುಗಿದ. "ಹಂಗಾದ್ರೆ ನಾನು ಆರು ವಾರ ಈ ಕುರಿಗಳಿಗೆಲ್ಲ ಗೊರ್ ಅನ್ನೋದು ಕಲಿಸಿದ್ದು?" ಎಂದು ಕೇಳಿದ. ಮುಂದೆ ಅವನಾಡಿದ ಮಾತುಗಳನ್ನು ನಾನು ಬರೆಯುವುದಿಲ್ಲ. ಆಡುತ್ತಲೇ ಒಳಗೆ ಹೋಗಿ ಮೂರು ಲೋಟ ಟೀ ಕುಡಿದ. ನೆವಿಲ್ ಮಾತ್ರ ಎರಡನೆಯ ಪುಟದ ಅಕ್ಷರ ತೀರ ಸಣ್ಣದಾಗಿತ್ತು ಎಂದು ವಾದಿಸುತ್ತ ಕೊನೆಯವನಾಗಿ ಒಳಗೆ ಬಂದ.

"ಎಲ್ಲರೂ ಇಲ್ಲೇ ಇದೀರಿ, ಸಹಿ ಮುಗಿಸಿಬಿಡೋಣ," ಎಂದಳು ಗ್ವೆನ್. ಐವರು ಸಹಿ ಹಾಕಿದರು. ನೆವಿಲ್‌ನ ಸರದಿ. "ಮಿಸ್ಟರ್ ಥ್ರಪ್, ಇಪ್ಪತ್ತು ವರ್ಷದಲ್ಲಿ ನೀವಾಗಲಿ, ನಿಮ್ಮ ಪರವಾಗಿ ನಿಮ್ಮ ಮನೆಯವರು ಯಾರೇ ಆಗಲಿ, ಬೆವನ್ ಹತ್ರ ಅಪ್ಪಣೆ ಕೇಳಿದ್ದುಂಟಾ?"

"ನನ್ನ ಮನೆಯವರಾ?" ನೆವಿಲ್ ಎದೆ ಉಬ್ಬಿಸಿದ. "ನನ್ನ ಮನೇಲಿ ಒಬ್ರೂ ಆ ಬೆವನ್ ಮುಂದೆ ತುಟಿ ಬಿಚ್ಚಿಲ್ಲ!"

"ನಾನು ಬಿಚ್ಚಿದೀನಿ," ಎಂದಳು ಡೋರೀನ್.

ಸಣ್ಣ ದನಿ. ಆದರೂ ಎಲ್ಲರಿಗೂ ಕೇಳಿಸಿತು, ಏಕೆಂದರೆ ಆ ಹಾಳು ಆಲಿಕಲ್ಲು ಅದೇ ಗಳಿಗೆಗೆ ನಿಲ್ಲಬೇಕೇ?

"ಸುಳ್ಳಿಗೆ ಸಹಿ ಹಾಕ್ಬೇಡ, ನೆವಿಲ್. ನೀನು ಅವನ ಹೊಲದಲ್ಲಿ ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ನಂಗೆ ನಾಚ್ಕೆ ಆಗೋದು. ಅದಕ್ಕೇ ಪ್ಲಮ್ ಹಣ್ಣು ತುಂಬಿದ ಪೈ ಮಾಡ್ಕೊಂಡು ಹೋಗಿ, ನಮ್ಮಿಬ್ಬರಿಗೂ ನಡೆಯೋಕೆ ಅಪ್ಪಣೆ ಕೊಡಿ ಅಂತ ಕೇಳ್ತಿದ್ದೆ. ವರ್ಷಕ್ಕೆ ನಾಲ್ಕು ಸಲ."

ಲ್ಯಾಟಿಮರ್ ಕುಳಿತಲ್ಲಿಂದ ಚಂಗನೆ ಎದ್ದ. "ಕೇಳಿದಾರೆ! ಅವರೇ ಹೇಳ್ತಿದಾರೆ! ಬರ್ಕೊಳ್ಳಿ! ಗಂಡ ಹೆಂಡ್ತಿ ಇಬ್ಬರ ಪರವಾಗಿ!" ಆರರಲ್ಲಿ ಒಬ್ಬ ಹೋದರೆ ಐದು. ಐದಾದರೆ ಕಡತ ಅಲ್ಲಿಗೇ ಮುಚ್ಚುತ್ತದೆ. ಡೋರೀನಳ ಕಣ್ಣು ತುಂಬಿತ್ತು. ತನ್ನ ದಾರಿಗೆ ತನ್ನ ಕೈಯಾರೆ ಬೀಗ ಹಾಕಿಕೊಂಡವಳನ್ನು ನೋಡಲಾಗದೆ ನಾನು ಬೇರೆ ಕಡೆ ನೋಡಿದೆ.

ಗ್ವೆನ್ ಮಾತ್ರ ಪೆನ್ನು ಕೆಳಗಿಡಲಿಲ್ಲ. "ಬೆವನ್ ಏನಂದ್ರು?"

"ಏನೂ ಅನ್ಲಿಲ್ಲ."

"ತಲೆ ಆಡಿಸಿದ್ರಾ? ಕೈ ಸನ್ನೆ?"

"ಕೈಯಲ್ಲಿ ಪೈ ತಗೊಂಡ. ಬಾಗಿಲು ಹಾಕ್ಕೊಂಡ." ಅಷ್ಟು ಹೇಳಿದ್ದೇ, ಡೋರೀನಳ ದನಿ ಏರಿತು. ನಲವತ್ತು ವರ್ಷದಲ್ಲಿ ನಾನು ಕೇಳದ ದನಿ ಅದು. "ಪ್ರತಿ ಸಲವೂ! ಊರವರಿಗೆಲ್ಲ ಧಾರಾಳವಾಗಿ ಹೋಗಿ ಅಂದವನು, ನನ್ನ ಮುಖಕ್ಕೆ ಬಾಗಿಲು ಬಡಿದ! ಎಂಬತ್ತು ಸಲ ಕಣ್ರೀ! ಮಳೇಲಿ, ಹಿಮದಲ್ಲಿ ಆ ಹೊಸ್ತಿಲ ಮೇಲೆ ನಿಂತು ಕೇಳಿದೀನಿ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇವನ ಒಂದು ಕುಂಬಳಕಾಯಿ ಜಗಳಕ್ಕೆ ಇಪ್ಪತ್ತು ವರ್ಷ ತಲೆ ತಗ್ಗಿಸಿದೀನಿ!"

"ಅಂದ್ರೆ ಅಪ್ಪಣೆ ಕೊಡಲೇ ಇಲ್ಲ," ಎಂದಳು ಗ್ವೆನ್. ಅವಳ ಮುಖ ಅರಳತೊಡಗಿತ್ತು. "ಬೇಡ ಅಂತ ತಡೀಲೂ ಇಲ್ಲ. ಮಿಸೆಸ್ ಥ್ರಪ್, ಕೇಳಿದ್ದು ಲೆಕ್ಕ ಅಲ್ಲ, ಸಿಕ್ಕಿದ್ದು ಲೆಕ್ಕ. ನಿಮಗೆ ಏನೂ ಸಿಗದೆ ನೀವು ನಡೆದಿದೀರಿ."

"ಪೈ ತಗೊಂಡಿದಾರಲ್ಲ! ಅದು ಒಪ್ಪಿಗೆ ಅಲ್ವಾ?" ಎಂದ ಲ್ಯಾಟಿಮರ್.

"ಪೈ ಕೊಟ್ಟಿದ್ದು ಇವರು. ಆ ಕಡೆಯಿಂದ ಇವರಿಗೆ ಏನಾದ್ರೂ ಬಂತಾ?"

"ತಟ್ಟೆ ಕೂಡ ವಾಪಸ್ ಬರ್ಲಿಲ್ಲ," ಎಂದಳು ಡೋರೀನ್.

ಗ್ವೆನ್ ಅದನ್ನು ಹಾಗೆಯೇ ಬರೆದುಕೊಂಡಳು. ಆಮೇಲೆ ಚೀಲದಿಂದ ಹೊಸ ನಮೂನೆ ತೆಗೆದು ಡೋರೀನಳ ಮುಂದಿಟ್ಟಳು. "ಆರಲ್ಲ, ಏಳು ಸಾಕ್ಷಿ."

ನೆವಿಲ್ ಅವಳ ಮುಂದಿನ ನಮೂನೆಯ ಮೇಲೆ ಬಗ್ಗಿದ. "ಪ್ಲಮ್ ಪೈನಾ? ಎಂಬತ್ತಾ? ಸೀದು ಹೋಯ್ತು, ಬೆಕ್ಕು ತಿಂತು ಅಂತಿದ್ದೆಯಲ್ಲ! ಆ ಬೆಕ್ಕನ್ನ ನಾನು ಎಷ್ಟು ಸಲ ಮನೆಯಿಂದ ಹೊರಗೆ ಹಾಕಿದೀನಿ!"

"ಇನ್ನೊಂದು ಮಾತಾಡಿದ್ರೆ ನಿನ್ನನ್ನ ಹಾಕ್ತೀನಿ," ಎಂದು ಡೋರೀನ್ ಸಹಿ ಹಾಕಿದಳು.

ಕೌನ್ಸಿಲ್‌ನ ಕೆಲಸ ಕೌನ್ಸಿಲ್‌ನ ನಡಿಗೆಯಲ್ಲೇ ನಡೆದು ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಆದೇಶ ಬಂತು. ಅಷ್ಟು ದಿನವೂ ಹಿಲ್ಡಾ ಗುರುವಾರದಿಂದ ಗುರುವಾರಕ್ಕೆ ಎಣಿಸುತ್ತ ಕೂತಿದ್ದಳು. ಒಬ್ಬನ ಬೀಗ ಒಬ್ಬ ಮುದುಕಿಯ ಬಾಳಿನಿಂದ ಹೆಚ್ಚುಕಡಿಮೆ ಎರಡು ವರ್ಷ ಕಸಿದುಕೊಂಡದ್ದನ್ನು ಯಾವ ಆದೇಶವೂ ಹಿಂದಿರುಗಿಸಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸರಪಳಿ ತೆಗೆದ ಬೆಳಿಗ್ಗೆ ಹತ್ತಕ್ಕೆ ಊರಿಗೆ ಊರೇ ಚರ್ಚಿನ ಹಿಂದೆ ಸೇರಿತ್ತು. ಲ್ಯಾಟಿಮರ್ ನಮಗಿಂತ ಮೊದಲೇ ಬಂದು ಗೇಟನ್ನು ಅಗಲವಾಗಿ ತೆರೆದು ಹಿಡಿದು ನಿಂತಿದ್ದ. ಸೋತದ್ದು ಕಾಣಬಾರದಲ್ಲ.

"ಬನ್ನಿ ಮಿಸೆಸ್ ಥ್ರಪ್, ಧಾರಾಳವಾಗಿ ಹೋಗಿ," ಎಂದ, ಮುಖದ ತುಂಬ ನಗು. "ನಂದೇನೂ ಅಭ್ಯಂತರ ಇಲ್ಲ."

ನನ್ನ ಪಕ್ಕದಲ್ಲಿ ಮಾರ್ಜರಿ ಕ್ರಂಪ್ ಅಭ್ಯಾಸಬಲದಿಂದ "ತುಂಬಾ ಧನ್..." ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಡೋರೀನ್ ನಿಂತಳು. ಸೂಪಿನ ಡಬ್ಬಿ ನೆಲಕ್ಕಿಟ್ಟಳು. ಲ್ಯಾಟಿಮರ್‌ನ ಕೈಯಿಂದ ಗೇಟು ಎಳೆದುಕೊಂಡು, ಪೂರ್ತಿ ಮುಚ್ಚಿ, ಚಿಲಕ ಹಾಕಿದಳು. ಡಬ್ಬಿ ಎತ್ತಿಕೊಂಡಳು. ತನ್ನ ಕೈಯಿಂದಲೇ ಚಿಲಕ ತೆಗೆದು, ಗೇಟು ತಳ್ಳಿ, ಹೊಲಕ್ಕೆ ಕಾಲಿಟ್ಟಳು. ಆಮೇಲೆ ಅವನ ಮುಖವನ್ನೇ ನೋಡಿದಳು, ಗಡ್ಜನ್‌ನ ಪಾಠಕ್ಕೆ ವಿರುದ್ಧವಾಗಿ.

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು, ಅಕ್ಕನ ಮನೆಯ ಕಡೆ ನಡೆದಳು.